‘ಕ್ಷಯ’ ಶಬ್ದದ ಅರ್ಥವಿಚಾರ

ಪಂಚಾಂಗದಲ್ಲಿ ತಿಥಿಯೊಂದಕ್ಕೆ ‘ಕ್ಷಯ’ವೆಂದು ಬರೆದಿರುವುದನ್ನು ಕಂಡೊಡನೆ ಆ ತಿಥಿಯ ವ್ರತವೇ ಲೋಪವಾಯಿತೆಂದು ಕೆಲವರು ಭಾವಿಸುವುದುಂಟು. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ನಮ್ಮ ಮನೆಗಳಲ್ಲಿಯೂ ಈ ಸಂದೇಹ ಆಗಾಗ ತಲೆದೋರುತ್ತದೆ. ಆದುದರಿಂದ ಈ ಶಬ್ದದ ಅರ್ಥವನ್ನು ವಿಚಾರಿಸುವುದು ಅವಶ್ಯಕ.

‘ಕ್ಷಿ’ ಧಾತುವಿನಿಂದ ಹುಟ್ಟಿದ ‘ಕ್ಷಯ’ಕ್ಕೆ ಕುಂದುವಿಕೆ ಎಂಬುದು ಪ್ರಸಿದ್ಧಾರ್ಥ, ನಾಶವೆಂಬ ಅರ್ಥವೂ ಉಂಟು. ಅದೇ ರೂಪದ ಬೇರೊಂದು ಧಾತುವಿಗೆ ವಾಸಿಸು ಎಂಬ ಅರ್ಥವಿರುವುದರಿಂದ ‘ಕ್ಷಯ’ವೆಂದರೆ ಮನೆ ಎಂದೂ ಆಗುತ್ತದೆ. ಪಾಣಿನಿಯು ಸ್ವರಭೇದದಿಂದ ಇವನ್ನು ಬೇರ್ಪಡಿಸಿದ್ದಾನೆ. ಆದುದರಿಂದ ಪ್ರಕರಣವನ್ನು ನೋಡಿಯೇ ಅರ್ಥ ಹೇಳಬೇಕು.

ಬೇಸಿಗೆಯಲ್ಲಿ ಕುಣಿಗಲ್ ದೊಡ್ಡಕೆರೆಯ ನೀರು ಇಳಿದರೆ ಕೆರೆಯೇ ಇಲ್ಲವಾಯಿತೆಂದು ಯಾರೂ ಹೇಳರು. ಕೃಷ್ಣಪಕ್ಷದಲ್ಲಿ ಚಂದ್ರನಿಗೆ ಕ್ಷಯವೆನ್ನುತ್ತೇವೆ. ಅಲ್ಲಿ ಕುಂದುವುದು ನಮಗೆ ಕಾಣುವ ಬೆಳಗಿದ ಭಾಗವೇ ಹೊರತು ಚಂದ್ರಬಿಂಬವಲ್ಲ.

ತಿಥಿಕ್ಷಯವೂ ಹಾಗೆಯೇ. ಸೂರ್ಯನಿಂದ ಚಂದ್ರನು 12 ಅಂಶಗಳಷ್ಟು ಮುಂದೆ ಸಾಗುವ ಕಾಲವೇ ಒಂದು ತಿಥಿ. ಅವರ ಗತಿಯು ಒಂದೇ ಸಮನಾಗಿರದ ಕಾರಣ ಅದು ಸುಮಾರು 20ರಿಂದ 27 ಗಂಟೆಗಳವರೆಗೆ ಇರಬಹುದು. ಸೂರ್ಯೋದಯದ ಅನಂತರ ಆರಂಭವಾಗಿ, ಮರುದಿನದ ಸೂರ್ಯೋದಯಕ್ಕೆ ಮೊದಲೇ ಮುಗಿಯುವ ತಿಥಿಯು ಕ್ಷಯತಿಥಿ. 12 ಚಾಂದ್ರಮಾಸಗಳ 360 ತಿಥಿಗಳು ಸುಮಾರು 354 ದಿನಗಳಲ್ಲಿಯೇ ಕಳೆಯುವುದರಿಂದ ಇಂತಹವು ಪ್ರತಿವರ್ಷವೂ ಬರುತ್ತವೆ. ತಿಥಿಯು ಇದ್ದೇ ಇರುತ್ತದೆ. ಅದಕ್ಕೆ ಸೂರ್ಯೋದಯದ ಸಂಬಂಧವಿಲ್ಲ, ಅಷ್ಟೆ.

ಏಕಾದಶಿಯೇ ಕ್ಷಯವಾದರೆ ಗತಿಯೇನು? ಅದಕ್ಕೆ ದಶಮೀವೇಧವಿರುವುದರಿಂದ ಅಂದು ಉಪವಾಸ ಸಲ್ಲದು. ಮರುದಿನ ದ್ವಾದಶಿಯಂದು ಉಪವಾಸವಿದ್ದು ತ್ರಯೋದಶಿಯಂದು ಪಾರಣೆ ಮಾಡತಕ್ಕದ್ದು. ದಶಮೀವಿದ್ಧ ಏಕಾದಶಿಯು ತ್ಯಾಜ್ಯವೆಂಬುದನ್ನು ಶ್ರೀಮದಾಚಾರ್ಯರು ‘ಕೃಷ್ಣಾಮೃತಮಹಾರ್ಣವ’ದಲ್ಲಿ ಒತ್ತಿ ತಿಳಿಸಿದ್ದಾರೆ. ಹೀಗೆ ತಿಥಿಗೆ ಕ್ಷಯವಾದರೂ ವ್ರತಕ್ಕೆ ಕ್ಷಯವಿಲ್ಲ.

ಇನ್ನೊಂದು ಪ್ರಯೋಗವು ಪ್ರತಿಯೊಂದು ಮನೆಗೂ ಸಂಬಂಧಿಸಿದುದು. ಪಿತೃಗಳ ಮರಣದಿನಕ್ಕೆ ಶಾಸ್ತ್ರದಲ್ಲಿ ‘ಕ್ಷಯಾಹ’ವೆಂದು ಹೆಸರು. ಅಲ್ಲಿ ಕ್ಷಯವಾದುದು ದೇಹ ಮಾತ್ರ; ಜೀವನು ನಿತ್ಯನೆಂಬುದೇ ನಮ್ಮ ಸಿದ್ಧಾಂತ. ಹಾಗಲ್ಲದಿದ್ದರೆ ಶ್ರಾದ್ಧವನ್ನು ಯಾರನ್ನು ಉದ್ದೇಶಿಸಿ ಮಾಡುವುದು?

ಆದುದರಿಂದ ಆಸ್ತಿಕ ಬಂಧುಗಳು ‘ಕ್ಷಯ’ವೆಂಬ ಪದವನ್ನು ಕಂಡಾಗ ಕರ್ಮವನ್ನು ಬಿಡದೆ, ಕುಂದಿದುದು ಯಾವುದು, ಉಳಿದುದು ಯಾವುದು ಎಂಬುದನ್ನು ತಿಳಿದವರಿಂದ ಕೇಳಿ ಆಚರಿಸಬೇಕು.

ಶ್ರೀಕೃಷ್ಣಾರ್ಪಣಮಸ್ತು.