ಯಾವ ಆಟದ ಯಂತ್ರ ಗೆದ್ದೀತು?

ಹಬ್ಬದ ಮಾರುಕಟ್ಟೆಯಲ್ಲಿ ಯಾವ ವಿಡಿಯೊ ಆಟದ ಯಂತ್ರ ಗೆಲ್ಲುವುದೆಂದು ನಾವು ಮುಂಚಿತವಾಗಿ ಹೇಳಬಲ್ಲೆವೆ? 2006ರ ನವೆಂಬರಿನಲ್ಲಿ, ಕ್ರಿಸ್‌ಮಸ್‌ಗೆ ಮುನ್ನ, ಅಮೆರಿಕದ ಅಂಗಡಿಗಳಿಗೆ ಎರಡು ಯಂತ್ರಗಳು ಬಂದುವು. ಸೋನಿಯ ‘ಪ್ಲೇಸ್ಟೇಷನ್ 3’ರ ಬೆಲೆ, ಮಾದರಿಗನುಸಾರವಾಗಿ, ಸುಮಾರು 500 ಇಲ್ಲವೆ 600 ಡಾಲರು, ನಿಂಟೆಂಡೊದ ‘ವೀ’ಯದು ಸುಮಾರು 250. ಗಣನಶಕ್ತಿಯನ್ನೇ ಅಳತೆಗೋಲಾಗಿ ಹಿಡಿದರೆ ಗೆಲವು ಮೊದಲನೆಯದಕ್ಕೇ ಸಲ್ಲಬೇಕು. ಆದರೆ ವೀಯ ನಿಯಂತ್ರಕದಲ್ಲಿ ವೇಗೋತ್ಕರ್ಷವನ್ನು ಅಳೆಯುವ ಸಾಧನವಿತ್ತು. ಕೈ ಬೀಸಿದರೆ ತೆರೆಯ ಮೇಲಿನ ಟೆನಿಸ್ ಬ್ಯಾಟೂ ಬೀಸುತ್ತಿತ್ತು. ಗುಂಡಿಗಳ ಅಭ್ಯಾಸವಿಲ್ಲದ ವೃದ್ಧರೂ ಆಡಬಲ್ಲವರಾದರು. ಕಡೆಗೆ ವೀ 10 ಕೋಟಿಗೂ ಮಿಕ್ಕಿ, ಅದರ ಎದುರಾಳಿ 8 ಕೋಟಿಗೂ ಮಿಕ್ಕಿ ಮಾರಾಟವಾದುವು. ಆದುದರಿಂದ ಭವಿಷ್ಯ ನುಡಿಯುವ ಮುನ್ನ ನಾವು ಮೂರು ಪ್ರಶ್ನೆಗಳನ್ನು ಕೇಳಬೇಕು: ಬೆಲೆಯೆಷ್ಟು? ಯಾರು ಆಡಬಲ್ಲರು? ಸರಕು ಸಾಕಷ್ಟಿದೆಯೆ? ಬಯಕೆ ಎಷ್ಟೇ ಇರಲಿ, ತಯಾರಾದುದಕ್ಕಿಂತ ಹೆಚ್ಚು ಮಾರಾಟವಾಗದಷ್ಟೆ.