ದಾಸೋಹವೂ ವಿದ್ಯಾಶುಲ್ಕವೂ

ದಾಸೋಹವೆಂಬ ಶಬ್ದವನ್ನು ‘ದಾಸೋಽಹಂ’ ಎಂದು ಬಿಡಿಸಿ ಅರ್ಥ ಹೇಳುವುದು ವಾಡಿಕೆ. ನೀಡುವವನೇ ದಾಸನು, ಸ್ವೀಕರಿಸುವ ಜಂಗಮನೇ ಒಡೆಯನು. ದಾನದಲ್ಲಿ ಕೊಡುವ ಕೈ ಮೇಲಿರುತ್ತದೆ, ದಾಸೋಹದಲ್ಲಿ ಹಾಗಲ್ಲ. ಅನ್ನದ ವಿಷಯದಲ್ಲಿ ಈ ಭೇದವನ್ನು ಬಲ್ಲ ನಾವು ವಿದ್ಯೆಯ ವಿಷಯದಲ್ಲಿ ಮರೆಯುತ್ತಿದ್ದೇವೆ.

ಶಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳ ಓದಿಗೆಂದು ಮೃತ್ಯುಪತ್ರ ಬರೆದಿಟ್ಟರು. 1916ರಲ್ಲಿ ಸಪ್ತರ್ಷಿಗಳೆಂದು ಹೆಸರಾದ ಏಳು ಮಂದಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯನ್ನು ಕಟ್ಟಿದರು. ಇವೂ ಖಾಸಗಿಯವರ ಕಾರ್ಯಗಳೇ. ಆದುದರಿಂದ ಖಾಸಗಿಯೆಂಬ ಮಾತ್ರಕ್ಕೆ ದೋಷವಿಲ್ಲ.

ದೋಷವು ಎಲ್ಲಿ ಹೊಗುತ್ತದೆಂಬುದನ್ನು ಆಯ್ದಕ್ಕಿ ಮಾರಯ್ಯನವರ ಕಥೆಯಿಂದ ತಿಳಿಯಬಹುದು. ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಒಪ್ಪದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿದರು. ಅಕ್ಕಿ ಕದ್ದುದಲ್ಲ. ಆದರೂ ಅಂದಿನ ಅಗತ್ಯವನ್ನು ಮೀರಿದುದು ಆಸೆ. ಗಮನಿಸಿರಿ, ಅವರು ಅಕ್ಕಿಯನ್ನೇ ಬೇಡವೆನ್ನಲಿಲ್ಲ. ಶಾಲೆಗೂ ಅಧ್ಯಾಪಕರ ವೇತನ, ಕಟ್ಟಡ, ಪುಸ್ತಕಗಳ ವೆಚ್ಚವುಂಟು. ಅಷ್ಟಕ್ಕೆ ಪಡೆದ ಶುಲ್ಕವು ಆಯ್ದ ಅಕ್ಕಿ. ಪ್ರವೇಶದ ಬೆಲೆಯೆಂದು ಪಡೆವ ವಂತಿಗೆಯು ಹಿಂದಕ್ಕೆ ಸುರಿಯಬೇಕಾದ ಅಕ್ಕಿ.

ನಮ್ಮ ರಾಜ್ಯವು ಈ ವಂತಿಗೆಯನ್ನು 1984ರ ಕಾಯಿದೆಯಿಂದ ನಿಷೇಧಿಸಿತು. ಆದರೂ 1989ರ ಸರ್ಕಾರಿ ಆಜ್ಞೆಯೊಂದು ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ವರ್ಷಕ್ಕೆ ಸರ್ಕಾರಿ ಪಾಲಿನವರಿಗೆ 2,000, ಉಳಿದ ಕರ್ನಾಟಕದವರಿಗೆ 25,000, ಹೊರನಾಡಿನವರಿಗೆ 60,000 ರೂಪಾಯಿಗಳ ಮಿತಿಯನ್ನು ಗೊತ್ತುಮಾಡಿತ್ತು. ಒಂದೇ ಪಾಠಕ್ಕೆ ಮೂರು ಬೆಲೆ! 1992ರಲ್ಲಿ ಮೋಹಿನಿ ಜೈನ್ ಮೊಕದ್ದಮೆಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಆ ಹೆಚ್ಚಳವನ್ನು ವಂತಿಗೆಯೆಂದೇ ಕರೆಯಿತು. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ 11 ನ್ಯಾಯಮೂರ್ತಿಗಳ ಪೀಠವು, ಅನುದಾನವಿಲ್ಲದ ಸಂಸ್ಥೆಗಳು ಶುಲ್ಕವನ್ನು ತಾವೇ ನಿರ್ಧರಿಸಬಹುದು, ಬೆಳವಣಿಗೆಗೆ ತಕ್ಕಷ್ಟು ಉಳಿಸಿಕೊಳ್ಳಲೂಬಹುದು, ಆದರೆ ಲಾಭಕೋರತನವೂ ವಂತಿಗೆಯೂ ಸಲ್ಲವು ಎಂದಿತು. ಲಕ್ಕಮ್ಮನವರ ನಡೆಗೂ ಇದಕ್ಕೂ ಬಹಳ ದೂರವಿಲ್ಲ. ಅಕ್ಕಿಯನ್ನು ಅಳೆಯುವವರು ಯಾರೆಂಬುದು ಮಾತ್ರ ಉಳಿಯಿತು. ಲಕ್ಕಮ್ಮನವರು ಮನೆಯೊಳಗೇ ಇದ್ದರು.

ಹೋದ ವರ್ಷ ಭಕ್ತರೊಬ್ಬರು ಮಗಳ ಪ್ರವೇಶಕ್ಕಾಗಿ ಎರಡೆಕರೆ ಹೊಲ ಮಾರಿ ಹಣ ಕಟ್ಟಿ, ರಸೀದಿಯನ್ನು ನನಗೆ ತೋರಿಸಿದರು. ‘ದಾಸೋಹ ನಿಧಿಗೆ ಕಾಣಿಕೆ’ ಎಂದು ಬರೆದಿತ್ತು. ಸಂಸ್ಥೆ ನಮ್ಮವರದೇ. “ಮಾಸ್ತರರೇ, ಇದು ದಾಸೋಹವೇನು?” ಎಂದು ಕೇಳಿದರು. ಅಲ್ಲವೆಂದೆನು. ಆಡಳಿತ ಮಂಡಲಿಗೆ ಲಕ್ಕಮ್ಮನವರ ಕಥೆಯನ್ನೇ ಬರೆದು ಕಳುಹಿದೆನು. ಇನ್ನೂ ಉತ್ತರ ಬಂದಿಲ್ಲ.