ಕಲ್ಲಿನ ಹೆಸರು ಊಹಿಸಬೇಡಿ, ಪತ್ತೆ ಮಾಡಿ: ಜಿಯಾಲಜಿ ವಿದ್ಯಾರ್ಥಿಗಳಿಗೆ 7 ಸೂತ್ರಗಳು

ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಮೇಜಿನ ಮೇಲೆ ಕಲ್ಲಿಟ್ಟು ಹೆಸರು ಕೇಳುತ್ತಾರೆ. "ಗ್ರಾನೈಟ್ ಇರಬಹುದೇನೋ ಸರ್" ಎಂದರೆ ಮಾರ್ಕ್ಸ್ ಬರುವುದಿಲ್ಲ. ಈ "ಇರಬಹುದೇನೋ" ಬರೀ ಅಭ್ಯಾಸಬಲ, ಇವತ್ತೇ ಬಿಟ್ಟುಬಿಡಿ. ಲೆನ್ಸ್, ಸುತ್ತಿಗೆ, ಸ್ಟೀಲ್ ಮೊಳೆ, ಗಾಜಿನ ತುಂಡು, ಪಾಲಿಶ್ ಇಲ್ಲದ ಟೈಲ್, ಡ್ರಾಪರ್ ಬಾಟಲಿಯಲ್ಲಿ ದುರ್ಬಲ ಹೈಡ್ರೋಕ್ಲೋರಿಕ್ ಆಸಿಡ್: ಇಷ್ಟಿದ್ದರೆ ನೀವು ರೆಡಿ.

1. ಮೊದಲು ಒಡೆಯಿರಿ.
ಹೊರಮೈ ನಂಬಬೇಡಿ. ಬಿಸಿಲು, ಮಳೆ ಅದರ ಬಣ್ಣ ಬದಲಿಸಿರುತ್ತವೆ. ಬೆಳಗಾವಿ ಕಡೆಯ ಬಸಾಲ್ಟ್ ಹೊರಗೆ ಕಂದು, ಒಡೆದರೆ ಕಪ್ಪು. ಕಣ್ಣಿಗೆ ಗಾಗಲ್ಸ್ ಹಾಕಿಕೊಂಡೇ ಸುತ್ತಿಗೆ ಎತ್ತಿ. ಲಾಲ್‌ಬಾಗ್ ಬಂಡೆಯಂಥ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಲ್ಲಿ ಮಾತ್ರ ಸುತ್ತಿಗೆ ಬ್ಯಾಗಿನಲ್ಲೇ ಇರಲಿ. ಅಲ್ಲಿ ಲೆನ್ಸ್ ಸಾಕು.

2. ಬಣ್ಣಕ್ಕಿಂತ ಮೊದಲು ಕಣ ನೋಡಿ.
ಅತಿ ಹೆಚ್ಚು ಉತ್ತರ ಸಿಗುವುದು ಇಲ್ಲೇ, ಆದ್ದರಿಂದ ಹೆಚ್ಚು ಸಮಯವನ್ನೂ ಇಲ್ಲೇ ಕೊಡಿ. ರಾಮನಗರದ ಗ್ರಾನೈಟ್ ಹಿಡಿಯಿರಿ. ಗುಲಾಬಿ ಫೆಲ್ಡ್‌ಸ್ಪಾರ್, ಗಾಜಿನಂಥ ಕ್ವಾರ್ಟ್ಜ್, ಕಪ್ಪು ಅಭ್ರಕ ಬರಿಗಣ್ಣಿಗೇ ಬೇರೆಬೇರೆಯಾಗಿ ಕಾಣುತ್ತವೆ. ನೆಲದಾಳದಲ್ಲಿ ಶಿಲಾರಸ ನಿಧಾನವಾಗಿ ತಣಿದು ಹರಳುಗಳು ದೊಡ್ಡದಾಗಿ ಬೆಳೆದಿವೆ. ಬಸಾಲ್ಟ್ ನೆಲದ ಮೇಲೆ ಬೇಗ ತಣಿದ ಲಾವಾ, ಅದಕ್ಕೇ ಹರಳು ಕಾಣುವುದಿಲ್ಲ. ಗ್ರಾನೈಟಿನಲ್ಲಿ ಕಂಡ ಖನಿಜಗಳೇ ಬಿಳಿ, ಕಪ್ಪು ಪಟ್ಟೆಗಳಾಗಿ ಸಾಲುಗಟ್ಟಿದ್ದರೆ ಅದು ನೈಸ್. ಲಾಲ್‌ಬಾಗಿನಲ್ಲಿರುವುದು ಅದೇ, ವಯಸ್ಸು ಸುಮಾರು 300 ಕೋಟಿ ವರ್ಷ. ಮರಳಿನ ಕಣಗಳು ಅಂಟಿಕೊಂಡಂತಿದ್ದು, ಪದರಗಳು ಓರೆಯಾಗಿ ಕಂಡರೆ ಮರಳುಗಲ್ಲು. ಬಾದಾಮಿಯ ಗುಹೆಗಳ ಗೋಡೆ ನೋಡಿ ಬನ್ನಿ, ಮತ್ತೆಂದೂ ಮರೆಯುವುದಿಲ್ಲ. ಅಂಗಡಿಯ ಹೆಸರಿಗೆ ಮರುಳಾಗಬೇಡಿ: ಚಾಮರಾಜನಗರದ "ಬ್ಲ್ಯಾಕ್ ಗ್ರಾನೈಟ್" ಗ್ರಾನೈಟೇ ಅಲ್ಲ, ಡಾಲರೈಟ್.

3. ಗೀರಿ ನೋಡಿ.
ಮೋಸ್ ಸ್ಕೇಲ್ ಬಾಯಿಪಾಠ ಮಾಡಿ. ಉಗುರು ಸುಮಾರು 2.5, ಗಾಜು 5.5, ಕ್ವಾರ್ಟ್ಜ್ 7. ಬೆಣಚುಕಲ್ಲು (ಅಂದರೆ ಕ್ವಾರ್ಟ್ಜ್), ಕ್ಯಾಲ್ಸೈಟ್ ಎರಡೂ ಬೆಳ್ಳಗಿರುತ್ತವೆ. ಬೆಣಚು ಗಾಜನ್ನು ಗೀರುತ್ತದೆ, ಕ್ಯಾಲ್ಸೈಟ್ ಗೀರುವುದಿಲ್ಲ. ಮೊಳೆಯಿಂದ ಗೀರಿದ ಮೇಲೆ ಒದ್ದೆ ಬೆರಳಿನಿಂದ ಒರೆಸಿ. ಗೆರೆ ಅಳಿಸಿಹೋದರೆ ಸವೆದದ್ದು ಮೊಳೆ, ಕಲ್ಲಲ್ಲ. ಬಹಳಷ್ಟು ಜನ ತಪ್ಪುವುದು ಈ ಒಂದು ಹೆಜ್ಜೆಯಲ್ಲಿ. ಬಳಪದ ಕಲ್ಲು ಮೊಳೆಗೆ ಸುಲಭವಾಗಿ ಸೋಲುತ್ತದೆ, ಮುಟ್ಟಿದರೆ ಸೋಪಿನಂತೆ ನುಣುಪು. ಬೇಲೂರು, ಹಳೇಬೀಡಿನ ಶಿಲ್ಪಿಗಳಿಗೆ ಅಷ್ಟು ಸೂಕ್ಷ್ಮವಾಗಿ ಕೆತ್ತಲು ಸಾಧ್ಯವಾದದ್ದು ಕಲ್ಲಿನ ಈ ಮೃದು ಗುಣದಿಂದ.

4. ಒಂದು ಹನಿ ಆಸಿಡ್ ಬಿಡಿ.
ಶಹಾಬಾದ್ ಕಲ್ಲು ಬೂದು ಬಣ್ಣ, ನುಣ್ಣನೆಯ ಕಣ. ಬಸಾಲ್ಟ್ ಎಂದು ಮೋಸಹೋಗುವುದು ಸುಲಭ. ಆಸಿಡ್ ಬಿದ್ದೊಡನೆ ಬುರುಬುರು ನೊರೆ ಬಂದರೆ ಸುಣ್ಣದ ಕಲ್ಲು, ಏಕೆಂದರೆ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತಿದೆ. ಡಾಲೊಮೈಟ್ ಆದರೆ ಪುಡಿ ಮಾಡಿ ಹನಿಸಿ, ಇಲ್ಲದಿದ್ದರೆ ಅದು ಸುಮ್ಮನಿರುತ್ತದೆ. ಎಚ್ಚರ: ಬಸಾಲ್ಟ್‌ನ ರಂಧ್ರಗಳಲ್ಲಿ ಕ್ಯಾಲ್ಸೈಟ್ ತುಂಬಿರಬಹುದು, ಆಗ ಅದೂ ನೊರೆಯಾಡುತ್ತದೆ. ಬಿಳಿ ಗೆರೆ, ಬಿಳಿ ಚುಕ್ಕೆ ಇಲ್ಲದ ಜಾಗದಲ್ಲಿ ಹನಿ ಬಿಡಿ.

5. ಟೈಲ್ ಮೇಲೆ ಉಜ್ಜಿ.
ಅದಿರು ಎಂಬ ಅನುಮಾನ ಬಂದರೆ ಪುಡಿಯ ಬಣ್ಣ ನೋಡಿ. ಸಂಡೂರಿನ ಹೆಮಟೈಟ್ ಕಲ್ಲು ಬೂದಾಗಿ ಹೊಳೆದರೂ ಗೆರೆ ಕೆಂಗಂದು. ಮ್ಯಾಗ್ನಟೈಟ್ ಗೆರೆ ಕಪ್ಪು, ಜೊತೆಗೆ ಮ್ಯಾಗ್ನೆಟ್‌ಗೆ ಅಂಟುತ್ತದೆ.

6. ಮುರಕಲ್ಲಿಗೆ ಟೆಸ್ಟ್ ಬೇಡ.
ಕೆಂಪು ಮೈ, ತುಂಬಾ ತೂತು. ಕರಾವಳಿಯಲ್ಲಿ ಮನೆ ಗೋಡೆಗಳೇ ಸ್ಪೆಸಿಮನ್. ಮುಂದೆ ಹೋಗಿ.

7. ಹೆಸರನ್ನು ಕೊನೆಗೆ ಬರೆಯಿರಿ.
ನೋಟ್‌ಬುಕ್ಕಿನಲ್ಲಿ ಜಾಗ, ಒಡೆದ ಮೈಯ ಬಣ್ಣ, ಕಣ, ಗಡಸುತನ, ಆಸಿಡ್, ಗೆರೆ, ಆಮೇಲೆ ಹೆಸರು. ಮೊದಲೇ ಹೆಸರು ಬರೆದರೆ ಕಣ್ಣು ಅದಕ್ಕೆ ಬೇಕಾದ್ದನ್ನಷ್ಟೇ ಹುಡುಕುತ್ತದೆ. ವೈವಾದಲ್ಲಿ ಆಗಲಿ, ಯುಪಿಎಸ್‌ಸಿ ಜಿಯೋ-ಸೈಂಟಿಸ್ಟ್ ಸಂದರ್ಶನದಲ್ಲಿ ಆಗಲಿ, "ಹೇಗೆ ಹೇಳಿದಿರಿ?" ಎಂದು ಕೇಳಿದರೆ ಈ ಪಟ್ಟಿಯೇ ನಿಮ್ಮ ಉತ್ತರ. ಎರಡು ಹೆಸರುಗಳ ನಡುವೆ ಸಿಕ್ಕಿಕೊಂಡಿರಾ? ಎರಡನ್ನೂ ಬರೆಯಿರಿ, ಬೇರ್ಪಡಿಸುವ ಟೆಸ್ಟ್ ಮಾಡಿ, ಒಂದನ್ನು ಹೊಡೆದುಹಾಕಿ.